ಹೆರಿಗೆ ಆಸ್ಪತ್ರೆಯಲ್ಲಾಯಿತು, ಆಮೇಲಿನ ನಲವತ್ತೆರಡು ದಿನ ಯಾರ ಲೆಕ್ಕಕ್ಕೆ?

ಎರೆಹೊಲ, ಮುಧೋಳ ತಾಲ್ಲೂಕು:

ಕಳೆದ ತಿಂಗಳು ನನ್ನ ತಂಗಿಗೆ ಚೊಚ್ಚಲ ಹೆರಿಗೆಯಾಯಿತು. ಅವಳ ಗಂಡನ ಮನೆ ಇಂಡಿ ತಾಲ್ಲೂಕಿನಲ್ಲಿದೆ; ಕುಬಸ ಮುಗಿಸಿಕೊಂಡು ಏಳನೆಯ ತಿಂಗಳಲ್ಲಿ ತವರಿಗೆ, ಅಂದರೆ ನಮ್ಮ ಮನೆಗೆ, ಬಂದಿದ್ದಳು. ನೋವು ಕಾಣಿಸಿಕೊಂಡ ರಾತ್ರಿ 108ಕ್ಕೆ ಕರೆ ಮಾಡಿದೆವು, ನಲವತ್ತು ನಿಮಿಷದಲ್ಲಿ ವಾಹನ ಬಂತು, ಬೆಳಗಿನ ಜಾವ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸಹಜ ಹೆರಿಗೆಯಾಯಿತು, ಒಂದು ಗುಳಿಗೆಯನ್ನೂ ಹೊರಗಿನಿಂದ ತರಿಸಲಿಲ್ಲ. ಇಲ್ಲಿಯವರೆಗೆ ನನ್ನ ದೂರು ಏನೂ ಇಲ್ಲ.

ಮರುದಿನ, ಮೂವತ್ತು ತಾಸು ಕೂಡ ತುಂಬಿರಲಿಲ್ಲ, ಮನೆಗೆ ಕರೆತಂದೆವು. ಹಾಸಿಗೆ ತೆರವಾಗಬೇಕು ಎಂದು ಅವರು ಹೇಳಿದರೋ, ಅಮಾವಾಸ್ಯೆಯ ಮೊದಲು ಮನೆ ಸೇರಬೇಕು ಎಂದು ನಮ್ಮವ್ವ ಹಟ ಹಿಡಿದಳೋ, ಈಗ ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಒಂಬತ್ತನೆಯ ದಿನ ತಂಗಿಗೆ ಚಳಿಜ್ವರ ಬಂತು. ಬಾಣಂತಿಗೆ ಥಂಡಿ ತಗುಲಿದೆ ಎಂದು ಕೋಣೆಯಲ್ಲಿ ಕುಳ್ಳಿನ ಕೆಂಡವನ್ನು ಹೆಚ್ಚು ಮಾಡಿದರು. ಸ್ರಾವಕ್ಕೆ ಕೆಟ್ಟ ವಾಸನೆ ಬರುತ್ತಿರುವ ಸಂಗತಿಯನ್ನು ಅವಳು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಹತ್ತನೆಯ ದಿನ ಸಂಜೆ ಆಸ್ಪತ್ರೆಗೆ ಒಯ್ದಾಗ ಗರ್ಭಕೋಶಕ್ಕೆ ಸೋಂಕಾಗಿದೆ ಎಂದರು. ಐದು ದಿನ ಚುಚ್ಚುಮದ್ದು ಪಡೆದು ಗುಣವಾಗಿ ಬಂದಿದ್ದಾಳೆ.

ಆ ಹತ್ತು ದಿನಗಳಲ್ಲಿ ಒಬ್ಬ ಆರೋಗ್ಯ ಕಾರ್ಯಕರ್ತೆಯೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ನಿಮ್ಮ ತಂಗಿಯ ಹೆಸರು ನನ್ನ ಪಟ್ಟಿಯಲ್ಲಿಲ್ಲ ಎಂದರು. ಅವಳ ಗಂಡನ ಊರಿನವರನ್ನು ಕೇಳಿದರೆ, ತವರಿಗೆ ಹೋಗಿದ್ದಾಳೆ ಎಂದು ಬರೆದುಕೊಂಡಿದ್ದೇನೆ ಎಂದರು. ಇಬ್ಬರೂ ಹೇಳಿದ್ದು ನಿಜ. ಹಾಗಾದರೆ ಬಾಣಂತಿ ಯಾರ ಲೆಕ್ಕಕ್ಕೆ ಸೇರಿದವಳು?

ಹಳೆಯ ದಾದಿ, ಜಮಖಂಡಿ:

ಮೂವತ್ತೊಂದು ವರ್ಷ ಉಪಕೇಂದ್ರಗಳಲ್ಲಿ ದುಡಿದು ನಿವೃತ್ತಳಾದವಳು ನಾನು. ಮೊದಲು ನಿಯಮ ಏನಿದೆ ಎಂಬುದನ್ನು ಹೇಳುತ್ತೇನೆ, ಬೈಗುಳ ಆಮೇಲೆ.

ಸಹಜ ಹೆರಿಗೆಯಾದ ತಾಯಿಯನ್ನು 48 ತಾಸು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕು. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಉಚಿತ ಊಟ ಎಂದು ಬರೆದದ್ದು ತಾಯಿ ಅಲ್ಲಿ ಉಳಿಯಲಿ ಎಂಬ ಕಾರಣಕ್ಕೆ. ಔಷಧ, ರಕ್ತ, ತಪಾಸಣೆ, ಮನೆಯಿಂದ ಆಸ್ಪತ್ರೆಗೆ ಮತ್ತು ಆಸ್ಪತ್ರೆಯಿಂದ ಮನೆಗೆ ವಾಹನ, ಎಲ್ಲವೂ ಅದರಲ್ಲಿ ಉಚಿತವಾಗಿದೆ. ಮರಳಿ ಬಿಡಲು ಬರುವ ನಗು-ಮಗು ಗಾಡಿಯನ್ನು ನೀವೂ ನೋಡಿರುತ್ತೀರಿ.

ಮನೆಗೆ ಬಂದ ಮೇಲೆ ಆಶಾ ಆರು ಸಲ ಭೇಟಿ ಕೊಡಬೇಕು: 3, 7, 14, 21, 28 ಮತ್ತು 42ನೆಯ ದಿನ. ಹೆರಿಗೆ ಮನೆಯಲ್ಲಿಯೇ ಆಗಿದ್ದರೆ ಮೊದಲ ದಿನದ್ದೂ ಸೇರಿ ಏಳು. ನಿಮ್ಮ ತಂಗಿಯ ಜ್ವರ ಒಂಬತ್ತನೆಯ ದಿನ ಬಂತು ಎಂದಿರಿ. ಏಳನೆಯ ದಿನದ ಭೇಟಿ ನಡೆದಿದ್ದರೆ, ಹೊಟ್ಟೆ ಒತ್ತಿ ನೋಡಿ ಸ್ರಾವದ ಬಗ್ಗೆ ಬಾಯಿ ಬಿಟ್ಟು ಕೇಳಿದ್ದರೆ, ಐದು ದಿನದ ಆಸ್ಪತ್ರೆವಾಸ ಬಹುಶಃ ತಪ್ಪುತ್ತಿತ್ತು. ಜ್ವರಕ್ಕೆ ಕೆಂಡ ಹಾಕಿದ ನಿಮ್ಮ ಮನೆಯವರಿಗೂ ಇದರಲ್ಲಿ ಪಾಲಿದೆ, ಬೇಸರ ಮಾಡಿಕೊಳ್ಳಬೇಡಿ.

ಬಿಳಿಜೋಳ, ಸಿಂದಗಿ:

ನಮ್ಮ ಮನೆಯಲ್ಲಿ ಮೂರು ಹೆರಿಗೆಗಳಾಗಿವೆ, ಆರು ಭೇಟಿ ಎಂಬ ಮಾತನ್ನು ನಾನು ಇಂದೇ ಮೊದಲ ಸಲ ಕೇಳುತ್ತಿದ್ದೇನೆ.

ಗುಲಾಬಿ ಸೀರೆ, ಬೀಳಗಿ ತಾಲ್ಲೂಕು:

ನಾನು ಆಶಾ ಕಾರ್ಯಕರ್ತೆ. ಇಂತಹ ಚರ್ಚೆಗಳಲ್ಲಿ ಕೊನೆಗೆ ನಮ್ಮ ತಲೆಗೇ ಬರುತ್ತದೆ ಎಂಬುದು ಗೊತ್ತಿರುವುದರಿಂದ ಮೊದಲೇ ಬರೆಯುತ್ತಿದ್ದೇನೆ.

ಆ ಆರು ಭೇಟಿಗಳಿಗೆ ಸೇರಿ ನಮಗೆ ಸಿಗುವ ಪ್ರೋತ್ಸಾಹಧನ 250 ರೂಪಾಯಿ. ಭೇಟಿಗೆ ಇಷ್ಟು ಎಂದು ಕೊಡುವುದಿಲ್ಲ. ಕೂಸಿನ ತೂಕ ಬರೆದಿರಬೇಕು, ಜನನ ನೋಂದಣಿಯಾಗಿರಬೇಕು, ಲಸಿಕೆ ಹಾಕಿಸಿರಬೇಕು, 42ನೆಯ ದಿನ ತಾಯಿ ಮತ್ತು ಕೂಸು ಇಬ್ಬರೂ ಸುರಕ್ಷಿತವಾಗಿರಬೇಕು, ಆಗ ಹಣ. ಈಗ ಯೋಚಿಸಿ. ಏಳು ತಿಂಗಳು ನಾನು ಗರ್ಭಿಣಿಯ ಬೆನ್ನು ಹತ್ತಿ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಗುಳಿಗೆ ನುಂಗಿಸಿ, ತಾಯಿ ಕಾರ್ಡ್ ಬರೆಸಿರುತ್ತೇನೆ. ಕುಬಸ ಮಾಡಿದ ಮರುವಾರ ಅವಳು ತವರಿಗೆ ಹೋಗುತ್ತಾಳೆ. ಅತ್ತ ತವರಿನ ಊರಿನ ಆಶಾಗೆ ಒಂದು ದಿನ ಇದ್ದಕ್ಕಿದ್ದಂತೆ ಗೊತ್ತಿಲ್ಲದ ಬಾಣಂತಿಯೊಬ್ಬಳು ಸಿಗುತ್ತಾಳೆ. ಅವಳ ರಕ್ತದೊತ್ತಡ ಹೇಗಿತ್ತು, ರಕ್ತ ಎಷ್ಟಿತ್ತು, ಯಾವುದೂ ಇವಳಿಗೆ ತಿಳಿದಿರುವುದಿಲ್ಲ. ಸಾವಿರ ಜನಸಂಖ್ಯೆಗೆ ಒಬ್ಬಳು ಆಶಾ ಎಂಬುದು ಕಾಗದದ ಲೆಕ್ಕ. ಯುಗಾದಿಯ ಹೊತ್ತಿಗೆ ನನ್ನ ಊರಿನಲ್ಲಿ ನನ್ನ ಪಟ್ಟಿಯ ಬಾಣಂತಿಯರು ಇಬ್ಬರಿದ್ದರೆ ಪಟ್ಟಿಯಲ್ಲಿಲ್ಲದವರು ನಾಲ್ವರು ಇರುತ್ತಾರೆ.

ಹಾಗೆಂದು ಎರೆಹೊಲ ಅವರ ಊರಿನ ಸೋದರಿಯನ್ನು ಸಮರ್ಥಿಸುತ್ತಿಲ್ಲ. ತವರಿಗೆ ಬಂದವಳನ್ನೂ ನೋಡಬೇಕು ಎಂದೇ ನಮಗೆ ಹೇಳಿಕೊಟ್ಟಿದ್ದಾರೆ.

ಇಳಕಲ್ ಸೆರಗು:

ಗುಲಾಬಿ ಸೀರೆಯವರೇ, ನಿಮ್ಮ ಕಷ್ಟ ಒಪ್ಪುತ್ತೇನೆ. 2025ರ ಜನವರಿಯ ಚಳಿಯಲ್ಲಿ ನಿಮ್ಮವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತದ್ದನ್ನು ನೋಡಿದವಳು ನಾನು. ಆದರೆ ಪಟ್ಟಿಯಲ್ಲಿಲ್ಲ ಎಂಬ ಮಾತು ಬಾಣಂತಿಯ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನೂ ಯೋಚಿಸಿ.

ಗುಲಾಬಿ ಸೀರೆ, ಬೀಳಗಿ ತಾಲ್ಲೂಕು:

ಯೋಚಿಸಿದ್ದೇನೆ. ನನ್ನ ಮಗಳ ಬಾಣಂತನದಲ್ಲಿ ಆ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಮಲಪ್ರಭೆ ದಂಡೆ, ರಾಮದುರ್ಗ:

ಎಲ್ಲರೂ ಆಸ್ಪತ್ರೆಯನ್ನೇ ದೇವರ ಗುಡಿ ಮಾಡಿಕೊಂಡಿದ್ದೀರಿ. ನಮ್ಮ ಅಜ್ಜಿ ಸೂಲಗಿತ್ತಿಯಾಗಿದ್ದಳು. ಕೂಸನ್ನು ಹಿಡಿದು ಕೊಟ್ಟು ಎದ್ದುಹೋಗುವ ಪದ್ಧತಿ ಅವಳದಾಗಿರಲಿಲ್ಲ. ದಿನವೂ ಬಂದು ತಾಯಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು, ಹೊಟ್ಟೆ ಕಟ್ಟುತ್ತಿದ್ದಳು, ಹಾಲು ಬರುತ್ತಿದೆಯೋ ಇಲ್ಲವೋ ನೋಡುತ್ತಿದ್ದಳು, ಅತ್ತೆ ಊಟ ಕಡಿಮೆ ಹಾಕಿದರೆ ಅಂಗಳದಲ್ಲಿ ನಿಂತು ಜಗಳವಾಡುತ್ತಿದ್ದಳು. ನೀವು ಈಗ ಆರು ಭೇಟಿ ಎಂದು ಲೆಕ್ಕ ಹಾಕುತ್ತಿರುವುದನ್ನು ಅವಳು ಒಂದು ಸೀರೆ, ಐದು ಸೇರು ಜೋಳಕ್ಕೆ ಮಾಡುತ್ತಿದ್ದಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟದ್ದು ಸುಮ್ಮನೆಯೇ?

ಹಳೆಯ ದಾದಿ, ಜಮಖಂಡಿ:

ನರಸಮ್ಮನವರಿಗೆ ನಮಸ್ಕಾರ. ನಿಮ್ಮ ಅಜ್ಜಿಗೂ ನಮಸ್ಕಾರ. ಆದರೆ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು, ಅದಕ್ಕೆ ಸಗಣಿಯ ಬೂದಿ ಹಚ್ಚಿ, ಎಂಟು ದಿನದೊಳಗೆ ಧನುರ್ವಾಯುವಿನಿಂದ ಸೆಟೆದುಕೊಂಡು ಸತ್ತ ಕೂಸುಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ. ಮಾಸು ಬೀಳದೆ ರಕ್ತ ಹರಿದು ಚಕ್ಕಡಿಯಲ್ಲಿಯೇ ತಣ್ಣಗಾದ ತಾಯಂದಿರನ್ನೂ ನೋಡಿದ್ದೇನೆ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2004-06ರಲ್ಲಿ 213 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಇಳಿದಿದೆ. ಹೊಟ್ಟೆ ಕಟ್ಟಿದ್ದರಿಂದ ಇಳಿದದ್ದಲ್ಲ.

ಮಲಪ್ರಭೆ ದಂಡೆ, ರಾಮದುರ್ಗ:

ಕುಡುಗೋಲನ್ನು ನಾನು ಸಮರ್ಥಿಸಲಿಲ್ಲ. ಎರೆಯಲು ದಿನವೂ ಬರುತ್ತಿದ್ದ ಆ ಕೈಯ ಜಾಗಕ್ಕೆ ಯಾವ ಕೈ ಬಂತು ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡಿ.

ವೈದ್ಯೆ, ಬೆಳಗಾವಿ:

ಮಲಪ್ರಭೆ ದಂಡೆಯವರ ಪ್ರಶ್ನೆ ಸರಿಯಾಗಿದೆ, ಅದನ್ನು ತಳ್ಳಿಹಾಕಬಾರದು.

ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ನೋಡಿ. ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು 2005-06ರಲ್ಲಿ ಶೇಕಡಾ 64.7, 2015-16ರಲ್ಲಿ 94, 2019-21ರಲ್ಲಿ 97. ಹದಿನೈದು ವರ್ಷದಲ್ಲಿ ಇಷ್ಟು ದೂರ ಬಂದಿದ್ದೇವೆ. ಹೆರಿಗೆಗೆ ಆಸ್ಪತ್ರೆಗೆ ಹೋಗಬೇಕೇ ಎಂಬ ಪ್ರಶ್ನೆಯನ್ನು ನಮ್ಮ ಹಳ್ಳಿಯ ಹೆಂಗಸರು ತೀರ್ಮಾನಿಸಿ ಮುಗಿಸಿದ್ದಾರೆ. ಅದಕ್ಕಾಗಿ ಇನ್ನೂ ಗೋಡೆಬರಹ ಬರೆಸುವ ಅಗತ್ಯವಿಲ್ಲ. ಆದರೆ ತಾಯಂದಿರ ಸಾವುಗಳಲ್ಲಿ ದೊಡ್ಡ ಪಾಲು ಹೆರಿಗೆಯ ನಂತರವೇ, ಅದರಲ್ಲೂ ಮೊದಲ ಇಪ್ಪತ್ನಾಲ್ಕು ತಾಸು ಮತ್ತು ಮೊದಲ ವಾರದಲ್ಲಿ ಸಂಭವಿಸುತ್ತದೆ. ಮೊದಲು ರಕ್ತಸ್ರಾವ, ಆಮೇಲೆ ಸೋಂಕು. ರಕ್ತದೊತ್ತಡದಿಂದ ಬರುವ ನಂಜು ಹೆರಿಗೆಯಾದ ಮೇಲೂ ಬರಬಹುದು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಬಟ್ಟೆ ಮೇಲಿಂದ ಮೇಲೆ ತೊಯ್ಯುವಷ್ಟು ರಕ್ತ, ಜ್ವರ, ದುರ್ವಾಸನೆ, ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನದ ಬಸ್ಸಿಗೆ ಕಾಯಬಾರದು.

ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆ ನೆರವಾಗುತ್ತದೆಯೇ ಎಂಬ ಅಧ್ಯಯನ 2002ರಿಂದ 2005ರವರೆಗೆ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ, ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರ ಸಹಭಾಗಿತ್ವದಲ್ಲಿ. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ದಾದಿಯರೇ 1,620 ತಾಯಂದಿರಿಗೆ ಗುಳಿಗೆಯನ್ನೋ ಔಷಧವಿಲ್ಲದ ಗುಳಿಗೆಯನ್ನೋ ಕೊಟ್ಟರು. ಅತಿ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಮುಂದೆ ಹೆರಿಗೆಯ ಹೊತ್ತಿನಲ್ಲಿ ಅಜಿತ್ರೊಮೈಸಿನ್ ಒಂದೇ ಸಲ ಕೊಟ್ಟರೆ ತಾಯಿಯ ಸೋಂಕು ಕಡಿಮೆಯಾಗುತ್ತದೆ ಎಂದು 2023ರಲ್ಲಿ ತೋರಿಸಿಕೊಟ್ಟ ಏಳು ದೇಶಗಳ ಅಧ್ಯಯನದಲ್ಲಿಯೂ ಬೆಳಗಾವಿಯ ತಾಯಂದಿರಿದ್ದರು. ಜಗತ್ತಿಗೆ ಉತ್ತರ ಕೊಟ್ಟ ಜಿಲ್ಲೆಯಲ್ಲಿ ಒಬ್ಬ ಬಾಣಂತಿಗೆ ಏಳನೆಯ ದಿನ ಹೊಟ್ಟೆ ಮುಟ್ಟಿ ನೋಡುವವರಿಲ್ಲ ಎಂದರೆ ಕೇಳಲು ಕಷ್ಟವಾಗುತ್ತದೆ.

ಎರೆಹೊಲ, ಮುಧೋಳ ತಾಲ್ಲೂಕು:

ನಮ್ಮದು ಬಾಗಲಕೋಟೆ ಜಿಲ್ಲೆ, ಮೇಡಂ. ಆದರೆ ಮಾತು ಅರ್ಥವಾಯಿತು.

ಕಾಡಂಚು, ಖಾನಾಪುರ:

ನೀವೆಲ್ಲ ಕಪ್ಪು ಮಣ್ಣಿನ ಬಯಲಿನಲ್ಲಿ ಕುಳಿತು ಮಾತನಾಡುತ್ತಿದ್ದೀರಿ. ಭೀಮಗಡದ ಕಾಡಿನೊಳಗಿನ ಊರುಗಳಿಗೆ ಮಳೆಗಾಲದಲ್ಲಿ 108 ಬರುವುದಿಲ್ಲ, ಬರಲಾರದು. ಹಳ್ಳ ಏರಿದರೆ ರೋಗಿಯನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ಡಾಂಬರು ರಸ್ತೆಯವರೆಗೆ ತರಬೇಕು. ಹೋಗುವುದೇ ಇಷ್ಟು ಕಷ್ಟವಾದ ಮೇಲೆ 48 ತಾಸು ಇರಲು ನಮ್ಮ ಹೆಂಗಸರು ತಕರಾರು ಮಾಡುವುದಿಲ್ಲ, ನಾಲ್ಕು ದಿನ ಬೇಕಾದರೂ ಇರುತ್ತಾರೆ. ಕಾಯುವ ಗಂಡಸಿಗೆ ಮಲಗಲು ಒಂದು ಚಾವಣಿ ಬೇಕು, ಅಷ್ಟೇ. ನನ್ನ ಹೆಂಡತಿಯನ್ನು ದಿನ ತುಂಬುವ ಎರಡು ವಾರ ಮೊದಲೇ ತಾಲ್ಲೂಕು ಕೇಂದ್ರದಲ್ಲಿ ಸಂಬಂಧಿಕರ ಮನೆಯಲ್ಲಿ ಇರಿಸಿದೆ. ಸಂಬಂಧಿಕರಿಲ್ಲದವರು ಏನು ಮಾಡಬೇಕು? ಆಸ್ಪತ್ರೆಯ ಪಕ್ಕದಲ್ಲಿ ದಿನ ತುಂಬಿದವರು ತಂಗಲು ನಾಲ್ಕು ಕೋಣೆ ಕಟ್ಟಿಸಿದರೆ ಸಾಕು. ಇನ್ನು ಮೂರನೆಯ ದಿನದ ಭೇಟಿಗೆ ಜುಲೈ ತಿಂಗಳಲ್ಲಿ ಯಾರೂ ಬರಲಾರರು, ನಾವೂ ನಿರೀಕ್ಷಿಸುವುದಿಲ್ಲ.

ಡೋಣಿ ಸಾಲು, ದೇವರಹಿಪ್ಪರಗಿ:

ತವರು ಮತ್ತು ಗಂಡನ ಮನೆ ಎಂದು ಎರಡು ಊರು ಲೆಕ್ಕ ಹಾಕಿದಿರಿ. ನಮ್ಮ ತಾಂಡಾಗಳಿಗೆ ಮೂರನೆಯ ಊರೊಂದಿದೆ. ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು, ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಕುಟುಂಬ ಸಮೇತ ಹೊರಡುತ್ತಾರೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಹಾಕಿದ ತಾಡಪತ್ರಿಯ ಗುಡಿಸಲಿನಲ್ಲಿ ಬಾಣಂತನ. ಹತ್ತನೆಯ ದಿನಕ್ಕೆ ಕಟ್ಟು ಹೊರಲು ಎದ್ದವರನ್ನು ನಾನು ಬಲ್ಲೆ, ಏಕೆಂದರೆ ಮುಂಗಡವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ತೆಗೆದುಕೊಂಡಿರುತ್ತಾರೆ. ಹೆರಿಗೆ ಆದದ್ದು ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಯಲ್ಲಿ, ಆದ್ದರಿಂದ ಆಸ್ಪತ್ರೆಯ ಹೆರಿಗೆ ಎಂಬ ಅಂಕಿ ಅಲ್ಲಿ ಏರಿತು. ಆಮೇಲೆ ಅವಳು ಯಾವ ರಾಜ್ಯದ ಲೆಕ್ಕಕ್ಕೂ ಸಿಗುವುದಿಲ್ಲ.

ನಿಂಬೆತೋಟ, ಚಡಚಣ:

ತಾಂಡಾದವರಷ್ಟೇ ಏಕೆ, ನಮ್ಮ ಕಡೆ ಉಳ್ಳವರೂ ಸೊಲ್ಲಾಪುರಕ್ಕೇ ಹೋಗುತ್ತಾರೆ. ಅಥಣಿಯವರು ಮಿರಜಕ್ಕೆ ಹೋಗುವ ಹಾಗೆ. ವಿಜಯಪುರಕ್ಕಿಂತ ಸೊಲ್ಲಾಪುರ ಹತ್ತಿರ. ಖಾಸಗಿಯಲ್ಲಿ ಹೊಟ್ಟೆ ಕೊಯ್ದು, ಬಿಲ್ಲು ಕೊಟ್ಟು, ಮರಾಠಿಯಲ್ಲಿ ಬರೆದ ಚೀಟಿ ಹಿಡಿದು ಮನೆಗೆ ಬರುತ್ತೇವೆ. ಆ ಚೀಟಿಯನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದಾಗ ಹೊಲಿಗೆ ಬಿಚ್ಚಲು ಅಲ್ಲಿಗೇ ಹೋಗಿ ಎಂದರು.

ಬಿಳಿಜೋಳ, ಸಿಂದಗಿ:

ಖಾಸಗಿಯವರು ಕೊಯ್ಯುವುದು ಬಿಲ್ಲಿಗಾಗಿ ಎಂದು ಎಲ್ಲರಿಗೂ ಗೊತ್ತು. ಆದರೂ ಹೋಗುವುದನ್ನು ಬಿಡುವುದಿಲ್ಲ.

ವೈದ್ಯೆ, ಬೆಳಗಾವಿ:

ಎಲ್ಲವನ್ನೂ ಬಿಲ್ಲಿನ ತಲೆಗೆ ಕಟ್ಟಬೇಡಿ, ಜೀವ ಉಳಿಸುವ ಸಿಸೇರಿಯನ್ ಕೂಡ ಇದೆ. ಆದರೆ ಕರ್ನಾಟಕದಲ್ಲಿ ಐದು ವರ್ಷಗಳ ಅಂತರದ ಎರಡು ಸಮೀಕ್ಷೆಗಳ ನಡುವೆ ಸಿಸೇರಿಯನ್ ಶೇಕಡಾ 23.6ರಿಂದ 31.5ಕ್ಕೆ ಏರಿದೆ ಎಂಬುದು ಸುಮ್ಮನೆ ಬಿಡುವ ಅಂಕಿಯಲ್ಲ. ಹೊಲಿಗೆ ಹಾಕಿಸಿಕೊಂಡ ತಾಯಿಗೆ ಹೆರಿಗೆಯ ನಂತರದ ಆರೈಕೆ ಇನ್ನೂ ಹೆಚ್ಚು ಬೇಕು.

ನಿಂಬೆತೋಟ, ಚಡಚಣ:

ಬಿಲ್ಲು ಎಂದಾಗ ನೆನಪಾಯಿತು. ಸರ್ಕಾರಿ ಹೆರಿಗೆಗೆ 1,400 ರೂಪಾಯಿ ಕೊಡುತ್ತಾರೆ ಎಂದು ಕೇಳಿದ್ದೆ, ನನ್ನ ಸೊಸೆಗೆ 700 ಬಂತು. ಅರ್ಧ ಯಾರ ಜೇಬಿಗೆ ಹೋಯಿತು?

ಹಳೆಯ ದಾದಿ, ಜಮಖಂಡಿ:

ಯಾರ ಜೇಬಿಗೂ ಹೋಗಿಲ್ಲ. 1,400 ಎಂಬುದು ಆಸ್ಪತ್ರೆಯ ಹೆರಿಗೆ ಬಹಳ ಕಡಿಮೆ ಇದ್ದ ಉತ್ತರ ಪ್ರದೇಶ, ಬಿಹಾರದಂತಹ ರಾಜ್ಯಗಳ ಹಳ್ಳಿಯ ತಾಯಂದಿರಿಗೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗಿನಿಂದಲೂ ಕರ್ನಾಟಕ ಮುಂದುವರಿದ ರಾಜ್ಯಗಳ ಸಾಲಿನಲ್ಲಿದೆ. ಇಲ್ಲಿ ಹಳ್ಳಿಯವರಿಗೆ 700, ಪಟ್ಟಣದವರಿಗೆ 600, ಅದೂ ಬಡತನ ರೇಖೆಗಿಂತ ಕೆಳಗಿರುವವರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ. ಚೊಚ್ಚಲಿಗೆ 5,000 ಸಿಗುವ ಮಾತೃ ವಂದನಾ ಯೋಜನೆ ಬೇರೆ.

ಗಮನಿಸಿ, ಜನನಿ ಸುರಕ್ಷಾದ ಹಣ ಹೆರಿಗೆ ಆಸ್ಪತ್ರೆಯಲ್ಲಾದರೆ ಕೊಡುವಂಥದ್ದು. ಹೆರಿಗೆಗೆ ಜನ ಬಂದದ್ದರಲ್ಲಿ ಅದರದ್ದೂ ಪಾಲಿದೆ. ಹದಿನಾಲ್ಕನೆಯ ದಿನ ರಕ್ತದೊತ್ತಡ ತೋರಿಸಿಕೊಂಡು ಹೋದದ್ದಕ್ಕೆ ತಾಯಿಗೆ ಏನೂ ಇಲ್ಲ.

ಇಳಕಲ್ ಸೆರಗು:

ಕೆಂಡದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಎಲ್ಲರೂ ಅದನ್ನು ಮೂಢನಂಬಿಕೆ ಎಂದು ದಾಟಿಬಿಟ್ಟಿರಿ. ನನ್ನ ಎರಡು ಬಾಣಂತನಗಳಲ್ಲಿ ನನಗೆ ಬೆಚ್ಚಗಿನ ಕೋಣೆ, ಎಣ್ಣೆ, ಬಿಸಿನೀರು, ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ ಇವುಗಳಿಂದ ಸುಖವೇ ಆಯಿತು. ಅಳವಿಯಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ ಎಂದು ನಮ್ಮ ಆರೋಗ್ಯ ಕೇಂದ್ರದ ಅಕ್ಕನೇ ಹೇಳಿದ್ದಾಳೆ. ತೊಂದರೆಯಾದದ್ದು ಮೂರು ಸಂಗತಿಗಳಿಂದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ, ಅದರೊಳಗೆ ಹಸುಗೂಸು. ಹೊಟ್ಟೆ ಬರುತ್ತದೆ ಎಂದು ನೀರನ್ನು ಲೆಕ್ಕ ಹಾಕಿ ಕೊಡುವುದು, ಇತ್ತ ಹಾಲು ಸಾಲುತ್ತಿಲ್ಲ ಎಂದು ಬೈಯುವುದು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು. ಆಕಳು ಈದರೆ ಗಿಣ್ಣಕ್ಕಾಗಿ ಓಣಿಯೆಲ್ಲ ಪಾತ್ರೆ ಹಿಡಿದು ಬರುತ್ತದೆ, ತಾಯಿಯ ಗಿಣ್ಣವನ್ನು ಮಾತ್ರ ಚೆಲ್ಲಬೇಕೆ ಎಂದು ನಾನು ಅತ್ತೆಯನ್ನು ಕೇಳಿದ ಮೇಲೆ ಎರಡನೆಯ ಕೂಸಿಗೆ ಚೆಲ್ಲಲಿಲ್ಲ.

ಗುಲಾಬಿ ಸೀರೆ, ಬೀಳಗಿ ತಾಲ್ಲೂಕು:

ಈ ಗಿಣ್ಣದ ಮಾತನ್ನು ನಾಳೆಯಿಂದ ನಾನೂ ಬಳಸುತ್ತೇನೆ.

ಇನ್ನೊಂದು ಸಂಗತಿ. ಮೂರನೆಯ ದಿನ ಹೋದರೆ, ಐದೇಶಿ ಆಗಲಿ, ಆಮೇಲೆ ಬನ್ನಿ, ಹೊರಗಿನವರು ಕೂಸನ್ನು ಮುಟ್ಟಬಾರದು ಎಂದು ಬಾಗಿಲಲ್ಲಿಯೇ ನಿಲ್ಲಿಸುವ ಮನೆಗಳಿವೆ. ಐದನೆಯ ರಾತ್ರಿ ಶೆಟವಿ ಬಂದು ಹಣೆಬರಹ ಬರೆಯುತ್ತಾಳಲ್ಲ, ಅವಳಿಗಿಂತ ಮೊದಲು ನಾನು ತೂಕ ಬರೆದುಕೊಳ್ಳುತ್ತೇನೆ, ಬಿಡಿ ಎಂದು ನಗಿಸಿ ಒಳಗೆ ಹೋಗುತ್ತೇನೆ. ಎಲ್ಲರೂ ನಗುವುದಿಲ್ಲ. ಬಾಗಿಲಿನಿಂದ ಮರಳಿದ ಭೇಟಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ.

ಹೆಸರು ಬೇಡ, ಸವದತ್ತಿ ತಾಲ್ಲೂಕು:

ಎಲ್ಲರೂ ರಕ್ತ, ಜ್ವರ, ತೂಕ ಎಂದು ಬರೆದಿದ್ದೀರಿ. ನನಗೆ ಅವು ಯಾವುವೂ ಆಗಲಿಲ್ಲ. ಎರಡನೆಯದೂ ಹೆಣ್ಣಾಯಿತು. ಹದಿನೈದನೆಯ ದಿನದಿಂದ ನಿದ್ದೆ ಹೋಯಿತು, ಕೂಸು ಅತ್ತರೆ ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ, ಬಾವಿಯ ಕಡೆ ಹೋಗಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಾಣಂತಿ ಸನ್ನಿ ಎಂದು ತಾಯಿತ ಕಟ್ಟಿದರು. ಆಶಾ ಬಂದಿದ್ದಳು, ಎರಡು ಸಲ ಬಂದಿದ್ದಳು, ಕೂಸಿನ ತೂಕ ನೋಡಿ ಚೆನ್ನಾಗಿದೆ ಎಂದು ಬರೆದುಕೊಂಡು ಹೋದಳು. ನೀನು ಹೇಗಿದ್ದೀಯ ಎಂದು ಅವಳು ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಕೇಳಲಿಲ್ಲ. ನಾಲ್ಕು ತಿಂಗಳ ನಂತರ ನನ್ನ ಅಕ್ಕ ನನ್ನನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದಳು.

ವೈದ್ಯೆ, ಬೆಳಗಾವಿ:

ಬರೆದದ್ದು ಒಳ್ಳೆಯದಾಯಿತು. ಇದು ಕಾಯಿಲೆ, ನಿಮ್ಮ ತಪ್ಪಲ್ಲ, ಔಷಧ ಮತ್ತು ಮಾತಿನಿಂದ ಗುಣವಾಗುತ್ತದೆ. ಓದುತ್ತಿರುವ ಬೇರೆ ಯಾರಿಗಾದರೂ ಹೀಗೆ ಅನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತನಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಬಾವಿಯ ಯೋಚನೆ ಬಂದವರನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ.

ಗುಲಾಬಿ ಸೀರೆ, ಬೀಳಗಿ ತಾಲ್ಲೂಕು:

ನಾನೂ ಕೇಳುವುದಿಲ್ಲ. ತೂಕದ ಜೋಳಿಗೆ ತೂಗುಹಾಕುತ್ತೇನೆ, ಉಷ್ಣತೆ ನೋಡುತ್ತೇನೆ, ಹೊರಡುತ್ತೇನೆ. ಕೇಳಬೇಕಿತ್ತು.

ಮಲಪ್ರಭೆ ದಂಡೆ, ರಾಮದುರ್ಗ:

ನನ್ನ ಅಜ್ಜಿ ಎರೆಯುವಾಗ ಬಾಣಂತಿಯರು ಅಳುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಬೆನ್ನು ಉಜ್ಜುವವಳ ಮುಂದೆ ಮುಖ ತೋರಿಸಬೇಕಾಗಿಲ್ಲವಲ್ಲ. ಹಳೆಯ ದಾದಿಯವರೇ, ಕುಡುಗೋಲು ನಿಮಗೇ ಇರಲಿ, ಇದನ್ನು ನನಗೆ ಬಿಡಿ.

ಹಳೆಯ ದಾದಿ, ಜಮಖಂಡಿ:

ಬಿಟ್ಟೆ. ಎರೆಯುವ ಕೆಲಸಕ್ಕೆ ಈಗಲೂ ನಮ್ಮೂರುಗಳಲ್ಲಿ ಹೆಂಗಸರಿದ್ದಾರೆ. ಹೆರಿಗೆಯನ್ನು ಅವರ ಕೈಯಿಂದ ತೆಗೆದುಕೊಂಡದ್ದು ಸರಿಯೇ ಆಯಿತು, ಆದರೆ ಅಪಾಯದ ಗುರುತುಗಳನ್ನು ಅವರಿಗೆ ಹೇಳಿಕೊಡಲು ನಾವು ಯಾರೂ ಹೋಗಲಿಲ್ಲ. ದಿನವೂ ಬಾಣಂತಿಯ ಮೈ ಮುಟ್ಟುವವಳಿಗೆ ಜ್ವರ ಮೊದಲು ತಿಳಿಯುತ್ತದೆ. ನನ್ನ ಸೇವೆಯ ಅವಧಿಯಲ್ಲಿ ನನಗೇ ಇದು ಹೊಳೆಯಲಿಲ್ಲ.

ಎರೆಹೊಲ, ಮುಧೋಳ ತಾಲ್ಲೂಕು:

ನಿನ್ನೆ ನಮ್ಮೂರಿನ ಆಶಾ ಅವರೊಂದಿಗೆ ಮತ್ತೆ ಮಾತನಾಡಿದೆ. ಜಗಳವಾಡಲು ಹೋಗಿದ್ದೆ, ಚಹಾ ಕುಡಿದು ಬಂದೆ. ತಂಗಿಯ ಕಾರ್ಡಿನ ಸಂಖ್ಯೆ ಬರೆದುಕೊಂಡರು, ಗಂಡನ ಊರಿನ ಆಶಾ ಅವರಿಗೆ ನನ್ನ ಎದುರಿಗೇ ಕರೆ ಮಾಡಿ ಗರ್ಭಿಣಿಯಾಗಿದ್ದಾಗಿನ ವಿವರ ಕೇಳಿದರು. ಅಲ್ಲಿನ ಕೊನೆಯ ತಪಾಸಣೆಯಲ್ಲಿಯೇ ತಂಗಿಯ ರಕ್ತ (ಹಿಮೋಗ್ಲೋಬಿನ್) ಒಂಬತ್ತಕ್ಕೆ ಇಳಿದಿತ್ತಂತೆ, ನಮಗೆ ಯಾರಿಗೂ ತಿಳಿದಿರಲಿಲ್ಲ. ಕಾರ್ಡಿನಲ್ಲಿ ಬರೆದಿತ್ತು, ಕಾರ್ಡು ಟ್ರಂಕಿನಲ್ಲಿತ್ತು. ಹೆರಿಗೆಯ ನಂತರವೂ 180 ದಿನ ಕಬ್ಬಿಣದ ಗುಳಿಗೆ ನುಂಗಬೇಕು ಎಂದು ಹೇಳಿ ಕೊಟ್ಟು ಹೋದರು. ಕೂಸು 28ನೆಯ ದಿನಕ್ಕೆ ಮೂರು ಕಿಲೋ ಇನ್ನೂರು ಗ್ರಾಂ ಇದೆ.

ಕಾಡಂಚು, ಖಾನಾಪುರ:

ಒಂದು ಕರೆಯಿಂದ ಮುಗಿಯುವ ಕೆಲಸಕ್ಕೆ ಹತ್ತು ದಿನ ಮತ್ತು ಒಂದು ಜ್ವರ ಬೇಕಾಯಿತು.

ಹೊಸ ಸದಸ್ಯ, ಗೋಕಾಕ ತಾಲ್ಲೂಕು:

ಎಲ್ಲವನ್ನೂ ಓದಿದೆ. ನನ್ನ ಹೆಂಡತಿಗೆ ಎಂಟನೆಯ ತಿಂಗಳು ನಡೆಯುತ್ತಿದೆ, ಬರುವ ಶುಕ್ರವಾರ ಹುನಗುಂದ ಕಡೆಯ ತವರಿಗೆ ಹೋಗುತ್ತಾಳೆ. ನಾನು ಯಾವ ಊರಿನ ಆಶಾ ಅವರಿಗೆ ಹೇಳಬೇಕು, ನಮ್ಮವರಿಗೋ ಅಲ್ಲಿಯವರಿಗೋ?

ಗುಲಾಬಿ ಸೀರೆ, ಬೀಳಗಿ ತಾಲ್ಲೂಕು:

ಇಬ್ಬರಿಗೂ, ಅವಳು ಬಸ್ಸು ಹತ್ತುವ ಮೊದಲು. ತಾಯಿ ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ನಿಮ್ಮ ಫೋನಿನಲ್ಲಿಯೂ ಅವಳ ಅಣ್ಣತಮ್ಮಂದಿರ ಫೋನಿನಲ್ಲಿಯೂ ಇಟ್ಟುಕೊಳ್ಳಿ. ತವರಿನ ಊರಿನ ಅಂಗನವಾಡಿಯಲ್ಲಿಯೂ ಹೆಸರು ಹೇಳಿಸಿ, ಮಾತೃಪೂರ್ಣದ ಊಟ ಅಲ್ಲಿ ಸಿಗುತ್ತದೆ. ಅಲ್ಲಿನ ಆಶಾ ಅವರ ಸಂಖ್ಯೆ ಸಿಗದಿದ್ದರೆ ಊರಿನ ಹೆಸರು ಹೇಳಿ, ನಮ್ಮ ತರಬೇತಿಗೆ ಬಂದ ಹುನಗುಂದ ಕಡೆಯವರು ಇದ್ದಾರೆ, ಕೇಳಿ ನೋಡುತ್ತೇನೆ.

ಹೊಸ ಸದಸ್ಯ, ಗೋಕಾಕ ತಾಲ್ಲೂಕು:

ಖಾಸಗಿಯಾಗಿ ಕಳಿಸಿದ್ದೇನೆ.